ಹಳೇ ಮಕ್ಕಳ ಪತ್ತೇದಾರಿ ಸರಣಿಗಳ ಇ-ಬುಕ್: ಕೊಳ್ಳುವ ಮುಂಚೆ ಹೀಗೆ ಜಾಲಾಡಿ

ಪತ್ತೇದಾರಿ ಪುಸ್ತಕದಲ್ಲಿ ಅಚ್ಚಿನ ತಪ್ಪು ಸುಮ್ನೆ ತಪ್ಪಾಗಿ ಉಳಿಯುವುದಿಲ್ಲ, ಸುಳಿವಿನ ವೇಷ ಹಾಕಿಕೊಂಡು ಬರುತ್ತದೆ. ಇದು ನನಗೆ ಅರ್ಥವಾಗಿದ್ದು ಅಗ್ಗಕ್ಕೆ ಸಿಕ್ಕ ಒಂದು ಇಂಗ್ಲಿಷ್ ಇ-ಬುಕ್‌ನಿಂದ. ಕಥೆಯ ಹುಡುಗರಿಗೆ ಒಂದು ಚೀಟಿ ಸಿಗುತ್ತದೆ. ಅದರಲ್ಲಿ ಅಲ್ಲಲ್ಲಿ ದೊಡ್ಡಕ್ಷರ ಬಂದಿದೆ, ಅವನ್ನಷ್ಟೇ ಕೂಡಿಸಿ ಓದಿದರೆ ಗುಟ್ಟು ಬಯಲು. ನನ್ನ ಪ್ರತಿಯಲ್ಲಿ ಚೀಟಿಯ ಅಷ್ಟೂ ಅಕ್ಷರ ಸಣ್ಣವು! ಹುಡುಗರು "ಓಹೋ, ಗೊತ್ತಾಯಿತು" ಅಂತ ಓಡಿದರು, ನಾನು ಮಾತ್ರ ಹತ್ತು ನಿಮಿಷ ಅದೇ ಪುಟ ನೋಡುತ್ತಾ ತಲೆ ಕೆರೆದುಕೊಂಡು ಕೂತೆ. ಅವತ್ತಿನಿಂದ ಕೊಳ್ಳುವ ಮುಂಚೆ ಇ-ಬುಕ್ಕನ್ನೇ ಒಂದು ಸುತ್ತು ವಿಚಾರಣೆ ಮಾಡುವ ಅಭ್ಯಾಸ ಆಗಿದೆ.

ನಾನು ಹೇಳುತ್ತಿರುವುದು ನ್ಯಾನ್ಸಿ ಡ್ರೂ, ಹಾರ್ಡಿ ಬಾಯ್ಸ್, ಫೇಮಸ್ ಫೈವ್, ತ್ರೀ ಇನ್ವೆಸ್ಟಿಗೇಟರ್ಸ್ ಥರದ ಇಂಗ್ಲಿಷ್ ಸರಣಿಗಳ ಬಗ್ಗೆ. ಇವು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕಾಲಕ್ಕೂ ಮುಂಚೆ ಅಚ್ಚಾದವು, ಹಾಗಾಗಿ ಮೂಲ ಫೈಲ್ ಅನ್ನುವುದು ಇರುವುದಿಲ್ಲ. ಯಾರೋ ಹಳೇ ಪ್ರತಿಯೊಂದನ್ನು ಸ್ಕ್ಯಾನ್ ಮಾಡಬೇಕು, ಸಾಫ್ಟ್‌ವೇರ್ ಆ ಚಿತ್ರ ನೋಡಿ ಅಕ್ಷರ ಗುರುತಿಸಬೇಕು, ಆಮೇಲೆ ಮನುಷ್ಯರು ಕೂತು ಕರಡು ತಿದ್ದಬೇಕು. ನಡುವಿನ ಕೆಲಸಕ್ಕೆ ಒಸಿಆರ್ ಅನ್ನುತ್ತಾರೆ. ಜಾಸ್ತಿ ಹೊತ್ತು ಹಿಡಿಯುವುದು ಕೊನೆಯ ಕೆಲಸ, ಅವಸರದವರು ಬಿಟ್ಟುಬಿಡುವುದೂ ಅದನ್ನೇ.

ಅಕ್ಷರದ ತಪ್ಪು ಹುಡುಕುವ ಮುಂಚೆ ಇನ್ನೊಂದು ದೊಡ್ಡ ಪ್ರಶ್ನೆ ಇದೆ. ನೀವು ಕೊಳ್ಳುತ್ತಿರುವುದು ಯಾವ ಕಥೆ? ಹೆಸರು ಒಂದೇ ಇದ್ದರೆ ಕಥೆಯೂ ಒಂದೇ ಅಂತ ಅಂದುಕೊಳ್ಳಬೇಡಿ. ಹಾರ್ಡಿ ಬಾಯ್ಸ್ ಶುರುವಾಗಿದ್ದು 1927ರಲ್ಲಿ, ನ್ಯಾನ್ಸಿ ಡ್ರೂ 1930ರಲ್ಲಿ. 1959ರಿಂದ ಈ ಎರಡೂ ಸರಣಿಗಳ ಹಳೇ ಪುಸ್ತಕಗಳನ್ನು ತಿದ್ದಿ ಬರೆಸಲು ಶುರು ಮಾಡಿದರು. ನ್ಯಾನ್ಸಿಯ ಮೊದಲ 34 ಪುಸ್ತಕ, ಹಾರ್ಡಿ ಬಾಯ್ಸ್‌ನ ಮೊದಲ 38 ಪುಸ್ತಕ ಹೀಗೆ ಬದಲಾದವು. ಕಪ್ಪು ಜನರನ್ನೂ ವಲಸೆ ಬಂದವರನ್ನೂ ಕೀಳಾಗಿ ತೋರಿಸಿದ್ದ ಭಾಗಗಳನ್ನು ತೆಗೆದರು, ಅದು ಸರಿಯೇ. ಜೊತೆಗೆ ಕಥೆ ಬೇಗ ಓಡಲಿ ಅಂತ 25 ಅಧ್ಯಾಯ ಇದ್ದದ್ದನ್ನು 20ಕ್ಕೆ ಇಳಿಸಿದರು. ನ್ಯಾನ್ಸಿಗೆ 16 ವರ್ಷ ಇತ್ತು, 18 ಮಾಡಿದರು. ಕೆಲವು ಪುಸ್ತಕಗಳಲ್ಲಂತೂ ಹೆಸರು ಬಿಟ್ಟು ಏನೂ ಉಳಿಯಲಿಲ್ಲ: ಹಾರ್ಡಿ ಬಾಯ್ಸ್‌ನ 'ದಿ ಡಿಸಪಿಯರಿಂಗ್ ಫ್ಲೋರ್' 1940ರಲ್ಲಿ ಒಂದು ಕಥೆ, 1964ರಲ್ಲಿ ಬೇರೆಯದೇ ಕಥೆ.

ಇದನ್ನು ಪತ್ತೆ ಮಾಡುವುದು ಸುಲಭ. ಪರಿವಿಡಿ ತೆಗೆದು ಅಧ್ಯಾಯ ಎಣಿಸಿ. ಆ ಮೊದಲ ಕಾಲದ ಪುಸ್ತಕಗಳಲ್ಲಿ 25 ಇದ್ದರೆ ಬಹುಪಾಲು ಹಳೇ ಪಠ್ಯ, 20 ಇದ್ದರೆ ತಿದ್ದಿದ್ದು. ಆಮೇಲೆ ಕಾಪಿರೈಟ್ ಪುಟ ನೋಡಿ. ಎಷ್ಟೋ ಇ-ಬುಕ್‌ಗಳು ತೆರೆದ ಕೂಡಲೇ ನೇರ ಮೊದಲ ಅಧ್ಯಾಯಕ್ಕೆ ಹೋಗಿ ನಿಲ್ಲುತ್ತವೆ, ಅದರಿಂದ ಆ ಪುಟ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಹಿಂದಕ್ಕೆ ಸರಿಸಿ, ಮುಖಪುಟದ ತನಕ ಹೋಗಿ. ಎರಡು ಇಸವಿ ಇದ್ದರೆ, ಒಂದು ಮೂವತ್ತರ ದಶಕದ್ದು, ಇನ್ನೊಂದು ಅರವತ್ತರದ್ದು, ಸಾಮಾನ್ಯವಾಗಿ ನಿಮ್ಮ ಕೈಲಿರುವುದು ಎರಡನೆಯದು. ಇಸವಿಯೇ ಇಲ್ಲ, ಪ್ರಕಾಶಕರ ಹೆಸರೂ ಇಲ್ಲ, ಬರೀ "ಎಲ್ಲ ಹಕ್ಕು ಕಾಯ್ದಿರಿಸಿದೆ" ಅಂತ ಒಂದು ಸಾಲು ಇದೆ ಅಂದರೆ ನಾನು ಅಲ್ಲಿಗೇ ಮುಚ್ಚಿಡುತ್ತೇನೆ.

ಇತ್ತೀಚೆಗೆ ಇಂಥ ಅನಾಮಧೇಯ ಪ್ರತಿಗಳು ಹೆಚ್ಚಾಗಲು ಕಾರಣ ಇದೆ. ಅಮೆರಿಕದಲ್ಲಿ ಹಾರ್ಡಿ ಬಾಯ್ಸ್‌ನ ಮೊದಲ 3 ಪುಸ್ತಕಗಳ ಕಾಪಿರೈಟ್ 2023ರ ಜನವರಿ 1ಕ್ಕೆ ತೀರಿತು, ನ್ಯಾನ್ಸಿಯ ಮೊದಲ 4 ಪುಸ್ತಕಗಳದ್ದು 2026ರ ಜನವರಿ 1ಕ್ಕೆ. ಈಗ ಅಲ್ಲಿ ಯಾರು ಬೇಕಾದರೂ ಸ್ಕ್ಯಾನ್ ಮಾಡಿ, ಹೊಳೆಯುವ ಮುಖಪುಟ ಅಂಟಿಸಿ ಮಾರಬಹುದು. ಆದರೆ ಹಕ್ಕು ತೀರಿದ್ದು ಹಳೇ ಪಠ್ಯಕ್ಕೆ ಮಾತ್ರ, 1959ರ ನಂತರ ತಿದ್ದಿದ್ದಕ್ಕೆ ಅಲ್ಲ. ಹಾಗಾಗಿ ಬಿಟ್ಟಿ ಸಿಗುವ ನ್ಯಾಯವಾದ ಪ್ರತಿಯಲ್ಲಿ ಹಳೇ ಕಾಲದ ಕೀಳು ಮಾತುಗಳೂ ಹಾಗೇ ಇರುತ್ತವೆ. ಮಗುವಿನ ಕೈಗೆ ಕೊಡುವುದಾದರೆ ಮೊದಲು ನೀವು ಓದಿ.

ಫೇಮಸ್ ಫೈವ್‌ನದ್ದು ಬೇರೆ ಥರ. 1942ರಿಂದ 1963ರವರೆಗೆ ಬಂದ 21 ಪುಸ್ತಕ. 2010ರಲ್ಲಿ ಪ್ರಕಾಶಕರು ಭಾಷೆಯನ್ನು ಇವತ್ತಿನದು ಮಾಡಲು ಹೋದರು: 'ಮದರ್', 'ಫಾದರ್' ಇದ್ದ ಕಡೆ 'ಮಮ್', 'ಡ್ಯಾಡ್' ಬಂದರು. ಓದುಗರಿಗೆ ಹಿಡಿಸಲಿಲ್ಲ, 2016ರಲ್ಲಿ ಹಳೇ ಮಾತಿಗೇ ವಾಪಸ್ ಹೋಗುತ್ತೇವೆ ಅಂದರು. ಹಾಗಾಗಿ ಮಕ್ಕಳು ತಾಯಿಯನ್ನು ಏನಂತ ಕರೆಯುತ್ತಾರೆ ಅಂತ ಸ್ಯಾಂಪಲ್‌ನಲ್ಲಿ ನೋಡಿದರೆ ಸಾಕು, ಯಾವ ಕಾಲದ ಫೈಲ್ ಅಂತ ಅಂದಾಜಾಗುತ್ತದೆ. ತ್ರೀ ಇನ್ವೆಸ್ಟಿಗೇಟರ್ಸ್ 1964ರಲ್ಲಿ ಶುರುವಾದಾಗ ಮುನ್ನುಡಿ ಹೇಳುತ್ತಿದ್ದದ್ದು ಸಿನಿಮಾ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಹೆಸರಲ್ಲಿ. ಅವರು 1980ರಲ್ಲಿ ತೀರಿಕೊಂಡ ಮೇಲೆ ಹೆಕ್ಟರ್ ಸೆಬಾಸ್ಟಿಯನ್ ಅನ್ನುವ ಕಲ್ಪಿತ ಬರಹಗಾರ ಆ ಜಾಗಕ್ಕೆ ಬಂದ, ಹಳೇ ಪುಸ್ತಕಗಳ ಮರುಮುದ್ರಣಕ್ಕೂ ನುಗ್ಗಿದ. ಮುನ್ನುಡಿ ಯಾರದ್ದು ಅಂತ ನೋಡಿ, ಅಷ್ಟೇ.

ಸರಿ, ಪಠ್ಯ ಯಾವುದು ಅಂತ ಗೊತ್ತಾಯಿತು. ಈಗ ಅಕ್ಷರಕ್ಕೆ ಬನ್ನಿ.

ಸ್ಯಾಂಪಲ್ ಇಳಿಸಿಕೊಳ್ಳಿ. ಸಾಮಾನ್ಯವಾಗಿ ಪುಸ್ತಕದ ಮೊದಲ 10% ಸಿಗುತ್ತದೆ. ಆದರೆ ಮೊದಲ ಎರಡು ಪುಟ ಚೆನ್ನಾಗಿದೆ ಅಂತ ಮರುಳಾಗಬೇಡಿ. ತಿದ್ದುವವರಿಗೂ ಮೊದಲ ಪುಟದಲ್ಲಿ ಉತ್ಸಾಹ ಜಾಸ್ತಿ, ಆಮೇಲೆ ಕಣ್ಣು ಎಳೆಯುತ್ತದೆ. ಸ್ಯಾಂಪಲ್‌ನ ಕೊನೆಯ ನಾಲ್ಕು ಪುಟದಿಂದ ಶುರು ಮಾಡಿ, ಅದೂ ಮಾತುಕತೆ ಇರುವ ಪುಟ. ಉದ್ಧರಣ ಚಿಹ್ನೆ ಮೊದಲು ಬೀಳುವುದು ಅಲ್ಲೇ. ಯಾರ ಮಾತು ಎಲ್ಲಿ ಮುಗಿಯಿತು ಅಂತ ತಿಳಿಯದಿದ್ದರೆ, ಸುಳ್ಳು ಹೇಳುತ್ತಿರುವವರು ಯಾರು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು ಹೇಳಿ?

ಒಸಿಆರ್ ಮಾಡುವ ತಪ್ಪುಗಳಿಗೆ ಒಂದು ಚಾಳಿ ಇದೆ. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಕಪಕ್ಕ ಕೂತರೆ ಯಂತ್ರದ ಕಣ್ಣಿಗೆ ಅದು ಎಮ್. ಹಾಗಾಗಿ 'ಮಾಡರ್ನ್' ಹೋಗಿ 'ಮೋಡೆಮ್' ಆಗುತ್ತದೆ, 1930ರ ಹುಡುಗಿಯೊಬ್ಬಳು ಮೋಡೆಮ್ ಮನೆಯೊಂದಕ್ಕೆ ಕಾರು ಓಡಿಸಿಕೊಂಡು ಹೋಗುತ್ತಾಳೆ. ಸಿ ಮತ್ತು ಎಲ್ ಅಂಟಿಕೊಂಡರೆ ಡಿ. ಆಗ 'ಕ್ಲೋಸ್' ಮಾಡಬೇಕಾದ ಬಾಗಿಲನ್ನು ಕಳ್ಳ 'ಡೋಸ್' ಮಾಡುತ್ತಾನೆ. ಎಲ್ಲಕ್ಕಿಂತ ಮಜಾ ಏನು ಗೊತ್ತಾ? ಸುಳಿವು ಅನ್ನುವ 'ಕ್ಲೂ' ಪದವೇ ಗಡುವು ಅನ್ನುವ 'ಡ್ಯೂ' ಆಗಿಬಿಡುತ್ತದೆ. ಪತ್ತೇದಾರಿ ಪುಸ್ತಕದಲ್ಲಿ ಸುಳಿವೇ ನಾಪತ್ತೆ! ಈ ಪದಗಳೆಲ್ಲ ನಿಘಂಟಿನಲ್ಲಿ ಇರುವಂಥವೇ, ಆದ್ದರಿಂದ ಕಾಗುಣಿತ ತಿದ್ದುವ ಸಾಫ್ಟ್‌ವೇರ್ ಇವನ್ನು ಹಿಡಿಯುವುದಿಲ್ಲ. ಮನುಷ್ಯರು ಓದಿದ್ದರೆ ಮಾತ್ರ ಸಿಕ್ಕಿಬೀಳುತ್ತವೆ. ಅದಕ್ಕೇ ಇವು ಒಳ್ಳೇ ಪರೀಕ್ಷೆ.

ಓದುವ ಆ್ಯಪ್‌ನಲ್ಲಿ ಹುಡುಕುವ ಸೌಲಭ್ಯ ಇರುತ್ತದಲ್ಲ, ಅದನ್ನು ಬಳಸಿ. 'ಮೋಡೆಮ್' ಹುಡುಕಿ. 'ಡ್ಯೂ' ಹುಡುಕಿ, ಸಿಕ್ಕ ಸಾಲುಗಳಲ್ಲಿ ಅದು ನಿಜಕ್ಕೂ 'ಡ್ಯೂ' ಹೌದಾ ಅಂತ ನೋಡಿ. 'ದಿ' ಪದದ ನಡುವಿನ ಎಚ್ ತೆಗೆದು ಬಿ ಹಾಕಿ ಹುಡುಕಿ. ಇದು ಒಂದೇ ಒಂದು ಸಲ ಸಿಕ್ಕಿದರೂ ಆ ಫೈಲನ್ನು ಯಾರೂ ಸರಿಯಾಗಿ ಓದಿಲ್ಲ ಅಂತ ಲೆಕ್ಕ. ಸಾಲಿನ ನಡುವೆ ಪುಸ್ತಕದ ಹೆಸರು, ಅದರ ಪಕ್ಕ ಒಂದು ಸಂಖ್ಯೆ ಕಂಡರೆ ಅದು ಹಳೇ ಪುಟದ ನೆತ್ತಿಯ ಮೇಲಿದ್ದದ್ದು, ಜಾರಿ ಒಳಗೆ ಬಿದ್ದಿದೆ. ಸಾಲಿನ ಕೊನೆಯಲ್ಲಿ ಪದ ಮುರಿಯಲು ಹಾಕಿದ್ದ ಅಡ್ಡಗೆರೆ ಈಗ ಸಾಲಿನ ಮಧ್ಯದಲ್ಲಿ ನಿಂತಿದ್ದರೆ ಅದೂ ಅದೇ ಸೋಮಾರಿತನ.

ಆದರೆ ವಿಚಿತ್ರ ಕಂಡದ್ದೆಲ್ಲ ತಪ್ಪಲ್ಲ. ಆ ಕಾಲದಲ್ಲಿ 'ಟುಡೇ', 'ಟುಮಾರೋ' ಪದಗಳ ನಡುವೆ ಅಡ್ಡಗೆರೆ ಹಾಕುತ್ತಿದ್ದರು. 'ಕ್ಲೂ' ಪದವನ್ನು ಕೊನೆಯಲ್ಲಿ ಡಬ್ಲ್ಯೂ ಹಾಕಿ ಬರೆಯುವುದೂ ಇತ್ತು. ಆ ಪದದ ಹಳೇ ಅರ್ಥ ನೂಲಿನ ಉಂಡೆ ಅಂತ, ದಾರ ಹಿಡಿದುಕೊಂಡು ದಾರಿ ಕಂಡುಕೊಳ್ಳುವುದು, ಚೆನ್ನಾಗಿದೆ ಅಲ್ವಾ? ಹಳೇ ಪಠ್ಯ ಅಂತ ಹೇಳಿಕೊಂಡು ಇಂಥವನ್ನೆಲ್ಲ ಹೊಸ ಕಾಗುಣಿತಕ್ಕೆ ಬದಲಾಯಿಸಿದ್ದರೆ, ಹಾಗೆ ಮಾಡಿದ್ದೇವೆ ಅಂತ ಒಂದು ಸಾಲು ಬರೆಯುವ ಮರ್ಯಾದೆಯಾದರೂ ಇರಬೇಕು.

ಚಿತ್ರಗಳ ವಿಷಯದಲ್ಲಿ ನನ್ನ ಹೊಟ್ಟೆ ಉರಿಯುತ್ತದೆ. ಫೇಮಸ್ ಫೈವ್‌ನ 21 ಪುಸ್ತಕಕ್ಕೂ ಮೂಲದಲ್ಲಿ ಚಿತ್ರ ಬರೆದದ್ದು ಐಲೀನ್ ಸೋಪರ್. ಆ ಚಿತ್ರ ಇಲ್ಲದ ಪುಸ್ತಕ ನನಗೆ ಅರ್ಧ ಪುಸ್ತಕ. ಚಿತ್ರದ ಹಕ್ಕು ಬೇರೆ, ಬರಹದ ಹಕ್ಕು ಬೇರೆ, ಅದರಿಂದಲೇ ಎಷ್ಟೋ ಇ-ಬುಕ್‌ಗಳಲ್ಲಿ ಬರೀ ಬರಹ ಇರುತ್ತದೆ. ಅಂಗಡಿಯ ಪುಟದಲ್ಲಿ ಫೈಲ್ ಗಾತ್ರ ಕೊಟ್ಟಿದ್ದರೆ ಗಮನಿಸಿ: ಕೆಲವೇ ನೂರು ಕೆಬಿ ಇದ್ದರೆ ಮುಖಪುಟ ಬಿಟ್ಟು ಚಿತ್ರ ಇರುವುದು ಅನುಮಾನ, ಹಲವು ಎಂಬಿ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಪತ್ತೇದಾರಿ ಕಥೆಯಲ್ಲಿ ನಕ್ಷೆ, ಗುಟ್ಟಿನ ಲಿಪಿ, ಕೈಬರಹದ ಚೀಟಿ ಇವೂ ಚಿತ್ರಗಳೇ. ಸ್ಯಾಂಪಲ್‌ನಲ್ಲಿ ಒಂದಾದರೂ ಇದ್ದರೆ ದೊಡ್ಡದು ಮಾಡಿ ನೋಡಿ, ಅಕ್ಷರ ಓದಲು ಬರುತ್ತದಾ? ಆಮೇಲೆ ಪರದೆಯನ್ನು ಕಪ್ಪು ಹಿನ್ನೆಲೆಗೆ ಬದಲಾಯಿಸಿ. ಹಿನ್ನೆಲೆ ಇಲ್ಲದ ಕಪ್ಪು ಗೆರೆಯ ಚಿತ್ರವಾಗಿದ್ದರೆ ನಕ್ಷೆಯೇ ಮಾಯ. ದೀಪ ಆರಿಸಿ ಹೊದಿಕೆಯೊಳಗೆ ಓದುವ ಮಕ್ಕಳಿಗೆ ಇದು ದೊಡ್ಡ ಅನ್ಯಾಯ.

ಪುಟವೇ ಬಿಟ್ಟುಹೋಗಿರುವುದು ಇನ್ನೊಂದು ಕಾಯಿಲೆ. ಸ್ಕ್ಯಾನ್ ಮಾಡುವಾಗ ಎರಡು ಹಾಳೆ ಅಂಟಿಕೊಂಡಿರುತ್ತವೆ, ಎರಡು ಪುಟ ಹೋಯಿತು. ಇದು ಸ್ಯಾಂಪಲ್‌ನಲ್ಲಿ ಸಿಗುವುದು ಕಷ್ಟ, ಕೊಂಡ ಕೂಡಲೇ ನೋಡಬೇಕು. ಈ ಸರಣಿಗಳಲ್ಲಿ ಅಧ್ಯಾಯಗಳು ಹೆಚ್ಚು ಕಡಿಮೆ ಒಂದೇ ಉದ್ದ ಇರುತ್ತವೆ, ಅಳತೆ ಪಟ್ಟಿ ಇಟ್ಟುಕೊಂಡು ಬರೆಸಿದಂತೆ. ಪರಿವಿಡಿಯಿಂದ ಒಂದೊಂದೇ ಅಧ್ಯಾಯಕ್ಕೆ ಹಾರಿ, ಎಷ್ಟನೇ ಪುಟದಲ್ಲಿ ಶುರು ಅಂತ ಬರೆದುಕೊಳ್ಳಿ. ಯಾವುದೋ ಒಂದು ಮಾತ್ರ ಅಕ್ಕಪಕ್ಕದವಕ್ಕಿಂತ ತೀರಾ ಗಿಡ್ಡ ಇದ್ದರೆ ಅದನ್ನು ಓದಿ ನೋಡಿ. ಕೊನೆಯ ಪುಟಕ್ಕೂ ಹೋಗಿ: ನ್ಯಾನ್ಸಿ, ಹಾರ್ಡಿ ಪುಸ್ತಕಗಳ ಕೊನೆಯಲ್ಲಿ ಸಾಮಾನ್ಯವಾಗಿ ಮುಂದಿನ ಪುಸ್ತಕದ ಹೆಸರು ಹೇಳಿ ಆಸೆ ಹುಟ್ಟಿಸುತ್ತಾರೆ. ಆ ಸಾಲು ಇಲ್ಲದಿದ್ದರೆ ಬಾಲ ಕತ್ತರಿಸಿದ್ದಾರೇನೋ ಅಂತ ಅನುಮಾನ ಪಡಿ. ಕೊನೆ ಪುಟ ನೋಡಿದರೆ ಕಳ್ಳ ಯಾರು ಅಂತ ಗೊತ್ತಾಗುತ್ತದೆ ಅನ್ನುವವರು, ಮನೆಯಲ್ಲಿ ಬೇರೆಯವರ ಕೈಲಿ ನೋಡಿಸಿ.

ಹತ್ತು ಪುಸ್ತಕ ಒಟ್ಟಿಗೆ ಕಟ್ಟಿ ಕೊಡುವ ಕಂತೆಗಳಲ್ಲಿ ಪರಿವಿಡಿ ಹೇಗಿದೆ ಅಂತ ಮಾತ್ರ ನೋಡಿ. ಅಧ್ಯಾಯಕ್ಕೆ ಹಾರಲು ಆಗದಿದ್ದರೆ ಬೇಡ.

ಅಂಗಡಿಯಲ್ಲಿರುವ ವಿಮರ್ಶೆಗಳನ್ನು ನಂಬುವಾಗ ಹುಷಾರು. ಒಂದೇ ಹೆಸರಿನ ಬೇರೆ ಬೇರೆ ಆವೃತ್ತಿಗಳ ವಿಮರ್ಶೆಗಳನ್ನು ಒಂದೇ ಕಡೆ ಸುರಿಯುವುದುಂಟು. ಐದು ನಕ್ಷತ್ರ ಕೊಟ್ಟವರು ಗಟ್ಟಿರಟ್ಟಿನ ಪುಸ್ತಕಕ್ಕೆ ಕೊಟ್ಟಿರುತ್ತಾರೆ, ನೀವು ಕೊಳ್ಳುವುದು ಯಾರೋ ಮೊನ್ನೆ ಸ್ಕ್ಯಾನ್ ಮಾಡಿದ್ದು. ಕಡಿಮೆ ನಕ್ಷತ್ರದವನ್ನು ತೆಗೆದು, ಅಚ್ಚಿನ ತಪ್ಪಿನ ಬಗ್ಗೆ ಯಾರಾದರೂ ಬರೆದಿದ್ದಾರಾ ಅಂತ ನೋಡಿ, ದಿನಾಂಕದ ಸಮೇತ.

ಬಿಟ್ಟಿ ಅಂದರೆ ಕಳಪೆ ಅಂತಲೂ ಅಲ್ಲ. ಕಾಪಿರೈಟ್ ತೀರಿದ ಪುಸ್ತಕಗಳನ್ನು ಬಿಟ್ಟಿ ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣಕ್ಕೆ ಪುಸ್ತಕ ಸಿದ್ಧ ಮಾಡುವ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ ಅನ್ನುವ ಸ್ವಯಂಸೇವಕರ ಗುಂಪು 2000ರಲ್ಲಿ ಶುರುವಾಯಿತು. ಅಲ್ಲಿ ಪ್ರತಿ ಪುಟವನ್ನೂ ಸ್ಕ್ಯಾನ್ ಚಿತ್ರದ ಪಕ್ಕ ಇಟ್ಟುಕೊಂಡು ಸಾಮಾನ್ಯವಾಗಿ ಮೂರು ಸುತ್ತು ತಿದ್ದುತ್ತಾರೆ. ದುಡ್ಡು ಕೊಟ್ಟು ಕೊಂಡ ಎಷ್ಟೋ ಪ್ರತಿಗಳಿಗಿಂತ ಇವು ಶುದ್ಧ. ಕಾಪಿರೈಟ್ ಮಾತ್ರ ದೇಶಕ್ಕೊಂದು ಥರ. ಫೇಮಸ್ ಫೈವ್ ಬರೆದ ಎನಿಡ್ ಬ್ಲೈಟನ್ ತೀರಿಕೊಂಡಿದ್ದು 1968ರಲ್ಲಿ. ಕೆನಡಾದಲ್ಲಿ ಅವರ ಪುಸ್ತಕಗಳು ಮುಕ್ತ, ಬ್ರಿಟನ್ನಿನಲ್ಲಿ 2038ರ ಕೊನೆಯವರೆಗೆ ಅಲ್ಲ. ನೀವಿರುವ ದೇಶದ ಲೆಕ್ಕ ನೋಡಿಕೊಂಡು ಇಳಿಸಿಕೊಳ್ಳಿ.

ತಪ್ಪಿರುವ ಪ್ರತಿ ಈಗಾಗಲೇ ಕೈಗೆ ಬಂದಿದ್ದರೆ ಎರಡು ದಾರಿ. ನಕಲು ತಡೆಯುವ ಬೀಗ ಹಾಕದ ಇ-ಪಬ್ (ಇ-ಬುಕ್‌ನ ಒಂದು ಬಗೆ) ಫೈಲ್ ಆಗಿದ್ದರೆ ಕ್ಯಾಲಿಬರ್ ಅನ್ನುವ ಬಿಟ್ಟಿ ಸಾಫ್ಟ್‌ವೇರ್‌ನಲ್ಲಿ ತೆರೆದು ನೀವೇ ತಿದ್ದಬಹುದು. ಅದರಲ್ಲಿ ನಿಘಂಟಿಗೆ ಸಿಗದ ಪದಗಳನ್ನೆಲ್ಲ, ಎಷ್ಟು ಸಲ ಬಂದಿದೆ ಅನ್ನುವ ಲೆಕ್ಕದ ಜೊತೆ ಪಟ್ಟಿ ಮಾಡಿ ಕೊಡುತ್ತದೆ. ಒಂದು ಸಂಜೆ ಕೂತರೆ ಮಕ್ಕಳ ಪುಸ್ತಕವೊಂದು ಓದುವ ಹಾಗಾಗುತ್ತದೆ. ಮೂಲದ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡೇ ಕೈ ಹಾಕಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವ ಗುಂಡಿ ಒತ್ತಬೇಡಿ, ನಾನು ಹಾಗೆ ಒತ್ತಿ 'ಡ್ಯೂ' ಎಲ್ಲವನ್ನೂ 'ಕ್ಲೂ' ಮಾಡಿ, ಲೈಬ್ರರಿ ಪುಸ್ತಕ ವಾಪಸ್ ಕೊಡುವ ಗಡುವಿನ ದಿನವನ್ನೂ ಸುಳಿವು ಮಾಡಿಬಿಟ್ಟಿದ್ದೆ.

ಬೀಗ ಇದ್ದರೆ ದುಡ್ಡು ವಾಪಸ್ ಕೇಳುವುದೇ ವಾಸಿ. ಎಷ್ಟು ದಿನದೊಳಗೆ ಕೇಳಬೇಕು, ಎಷ್ಟು ಓದಿದ ಮೇಲೆ ಕೊಡುವುದಿಲ್ಲ ಅನ್ನುವ ನಿಯಮ ಅಂಗಡಿಗೊಂದು ಇರುತ್ತದೆ, ಕೊಳ್ಳುವ ದಿನವೇ ಓದಿಟ್ಟುಕೊಳ್ಳಿ. ಸುಮ್ನೆ "ಚೆನ್ನಾಗಿಲ್ಲ" ಅಂತ ಬರೆದರೆ ಉತ್ತರ ಬರುವುದಿಲ್ಲ. ಅಧ್ಯಾಯ, ಸಾಲು, ಅಲ್ಲಿ ಏನಿದೆ, ಏನಿರಬೇಕಿತ್ತು ಅಂತ ಐದು ತಪ್ಪು ಬರೆದು, ಪುಟದ ಫೋಟೋ ಹಾಕಿ ಕಳಿಸಿ. ಚೀಟಿಯ ಕಥೆಯ ನನ್ನ ಇ-ಬುಕ್‌ಗೆ ಹೀಗೆ ಬರೆದ ಮೇಲೆ ದುಡ್ಡು ಬಂತು. ಫೈಲ್ ಮಾತ್ರ ಇವತ್ತಿಗೂ ಅದೇ ಸಣ್ಣಕ್ಷರದ ಚೀಟಿ ಇಟ್ಟುಕೊಂಡು ಮಾರಾಟಕ್ಕಿದೆ.