ಡೆಬ್ ಕಟ್ಟುವ ಮೊದಲು ಲೈಸೆನ್ಸ್ ತಾಳೆ: ಒಂದು ಕನ್ನಡ ಓಸಿಆರ್ ಪ್ಯಾಕೇಜಿನ ಅನುಭವ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬುಗಳಲ್ಲಿ ಓಡುವುದು ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಹಾಗಾಗಿ ಇಲ್ಲಿಗೆ ಒಂದು ಕನ್ನಡ ತಂತ್ರಾಂಶ ಮುಟ್ಟಿಸಬೇಕಾದರೆ ಡೆಬ್ ಪ್ಯಾಕೇಜೇ (ಡೆಬಿಯನ್, ಉಬುಂಟುಗಳಲ್ಲಿ ತಂತ್ರಾಂಶ ಸ್ಥಾಪಿಸುವ ಕಡತ) ಹತ್ತಿರದ ದಾರಿ. ನಾನು ಕಟ್ಟಿದ್ದು ಓಸಿಆರ್ ಸಲಕರಣೆ. ಹಳೆಯ ಪುಸ್ತಕದ, ಯಕ್ಷಗಾನ ಪ್ರಸಂಗದ ಸ್ಕ್ಯಾನ್ ಕೊಟ್ಟರೆ ಯುನಿಕೋಡ್ ಪಠ್ಯ ತೆಗೆಯುತ್ತದೆ, ಪದಪಟ್ಟಿಯೊಡನೆ ತಾಳೆ ನೋಡಿ ಅನುಮಾನದ ಪದದ ಅಡಿಗೆ ಗೆರೆ ಎಳೆಯುತ್ತದೆ, ಒತ್ತಿದರೆ ಅರ್ಥ ತೋರಿಸುತ್ತದೆ. ನಮ್ಮದೇ ಕೋಡಿಗೆ ಇಟ್ಟ ಲೈಸೆನ್ಸ್ ಜಿಪಿಎಲ್ 3 ಅಥವಾ ನಂತರದ್ದು, ಅಂದರೆ ಇದನ್ನು ಸೇರಿಸಿಕೊಂಡು ಹಂಚುವ ಕೃತಿಯೂ ಅದೇ ಷರತ್ತಿನಲ್ಲಿ, ಸೋರ್ಸ್ ಸಮೇತ ಇರಬೇಕು. ಒಳಗೆ ಸೇರಿದ ಉಳಿದ ಭಾಗಗಳೆಲ್ಲ ಬೇರೆ ಬೇರೆ ಲೈಸೆನ್ಸಿನವು: ಅಕ್ಷರ ಗುರುತಿಸುವ ಟೆಸ್ಸೆರಾಕ್ಟ್ ಅಪಾಚೆ 2.0, ಚಿತ್ರ ಸಂಸ್ಕರಿಸುವ ಲೆಪ್ಟೋನಿಕಾ ಎರಡು ಷರತ್ತಿನ ಬಿಎಸ್‌ಡಿ, ಕಿಟಕಿ, ಬಟನು ಕಟ್ಟುವ ಪೈಸೈಡ್ ಎಲ್‌ಜಿಪಿಎಲ್ (ಜಿಪಿಎಲ್‌ನ ಸಡಿಲ ರೂಪ), ಕಾಗುಣಿತ ನೋಡುವ ಹನ್‌ಸ್ಪೆಲ್ ಎಂಪಿಎಲ್ 1.1, ಜಿಪಿಎಲ್ 2, ಎಲ್‌ಜಿಪಿಎಲ್ 2.1 ಮೂರರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುವಂಥದ್ದು.

ಇಷ್ಟು ಹೆಸರು ಬರೆದಿಟ್ಟುಕೊಂಡರೆ ಕೆಲಸ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಹೆಸರಿನ ಪಟ್ಟಿಯಿಂದ ಏನೂ ಗೊತ್ತಾಗುವುದಿಲ್ಲ. ಯಾವುದು ಯಾವುದರೊಳಗೆ ಸೇರುತ್ತದೆ, ಹೇಗೆ ಸೇರುತ್ತದೆ ಎಂಬ ಎರಡು ಪ್ರಶ್ನೆಗೆ ಉತ್ತರ ಬೇಕು. ಹೊಂದಾಣಿಕೆಗೆ ದಿಕ್ಕಿದೆ, ಹೊಳೆ ನೀರು ಘಟ್ಟ ಹತ್ತುವುದಿಲ್ಲ. ಅಪಾಚೆ 2.0 ಕೋಡನ್ನು ಜಿಪಿಎಲ್ 3ರ ಕೆಲಸದೊಳಗೆ ತರಬಹುದು, ಜಿಪಿಎಲ್ 3ರ ಕೋಡನ್ನು ಅಪಾಚೆಯ ಕೆಲಸಕ್ಕೆ ಒಯ್ದು ಅಪಾಚೆ ಎಂದೇ ಹಂಚಲಾಗದು.

ಪಟ್ಟಿ ಮಾಡುವಾಗ ಅವಲಂಬನೆಗಳ (ಪ್ಯಾಕೇಜಿಗೆ ಬೇಕಾದ ಇತರ ತಂತ್ರಾಂಶಗಳ) ಫೈಲನ್ನು ಮಾತ್ರ ನಂಬಬೇಡಿ. ಕಂಪೈಲ್ ಆದ ಬೈನರಿಯ ಮೇಲೆ ರೀಡ್ಎಲ್ಫ್ ಎಂಬ ಕಮಾಂಡ್ ಓಡಿಸಿ, 'ನೀಡೆಡ್' ಸಾಲುಗಳನ್ನು ನೋಡಿ. ಅದು ನೇರವಾಗಿ ಲಿಂಕ್ ಆದ ಲೈಬ್ರರಿಗಳನ್ನು ತೋರಿಸುತ್ತದೆ. ಎಲ್‌ಡಿಡಿ ಎಂಬ ಕಮಾಂಡ್ ಕೊಡುವುದು ಅವುಗಳ ಅವಲಂಬನೆಗಳೂ ಸೇರಿದ ಉದ್ದ ಪಟ್ಟಿ. ಪೈಥಾನ್ ಭಾಗಕ್ಕೆ ಪಿಪ್-ಲೈಸೆನ್ಸಸ್ ಎಂಬ ಸಲಕರಣೆ ಇದೆ. ಆದರೆ ಅದು ಓದುವುದು ಮೆಟಾಡೇಟಾವನ್ನು, ಒಳಗಿನ ಫೈಲುಗಳನ್ನಲ್ಲ. ಚಿತ್ರ ಸಂಸ್ಕರಣೆಯ ಲೈಬ್ರರಿ ಓಪನ್‌ಸಿವಿಯ ಪೈಥಾನ್ ವ್ಹೀಲ್ (ಸಿದ್ಧ ಕಟ್ಟು) ಒಳ್ಳೆಯ ಉದಾಹರಣೆ: ಲೇಬಲ್ ಅಪಾಚೆ 2.0, ಒಳಗೆ ಎಲ್‌ಜಿಪಿಎಲ್ 2.1ರ ವಿಡಿಯೊ ಲೈಬ್ರರಿ ಎಫ್ಎಫ್‌ಎಂಪೆಗ್ ಕುಳಿತಿದೆ. ಲಿನಕ್ಸಿನ ಸಾಮಾನ್ಯ ವ್ಹೀಲ್ ಆದರೆ ಕಿಟಕಿ ಕಟ್ಟುವ ಕ್ಯೂಟಿಯೂ ಇದೆ. ವ್ಹೀಲನ್ನೇ ಡೆಬ್‌ನೊಳಗೆ ತುರುಕಿದರೆ ಅವೆಲ್ಲವನ್ನೂ ಹಂಚುವವರು ನೀವೇ, ಎಲ್‌ಜಿಪಿಎಲ್ ಭಾಗಗಳ ಸೋರ್ಸ್ ಒದಗಿಸುವ ಹೊಣೆಯೂ ನಿಮ್ಮದೇ. ಅದನ್ನು ಬಿಟ್ಟು ಅವಲಂಬನೆ ಹೇಳುವ 'ಡಿಪೆಂಡ್ಸ್' ಸಾಲಿನಲ್ಲಿ ಡಿಸ್ಟ್ರೋದ (ಉಬುಂಟುವಿನಂಥ ವಿತರಣೆಯ) ಓಪನ್‌ಸಿವಿ ಪ್ಯಾಕೇಜನ್ನು ಕೇಳುವುದು ಮೇಲು. ಡೆಬ್‌ನ ಗಾತ್ರವೂ ಇಳಿಯುತ್ತದೆ.

ಸೋರ್ಸಿನ ಮೇಲೆ, ಫೈಲುಗಳ ಲೈಸೆನ್ಸ್ ಗುರುತಿಸುವ ಲೈಸೆನ್ಸ್‌ಚೆಕ್ ಅನ್ನು ಫೋಲ್ಡರುಗಳ ಒಳಗೂ ಇಳಿಯುವಂತೆ ಓಡಿಸುತ್ತೇನೆ, ಮೇಲಿಂದ ಒಮ್ಮೆ ಅಂಥದೇ ಸಲಕರಣೆ ಸ್ಕ್ಯಾನ್‌ಕೋಡ್. ನಿಧಾನ, ಆದರೆ ಬೇರೆ ಕಡೆಯಿಂದ ನಕಲಾಗಿ ಬಂದ ತುಣುಕುಗಳನ್ನು ಹಿಡಿಯುತ್ತದೆ. ವಾಲಿದ ಪುಟವನ್ನು ನೇರ ಮಾಡುವ ಹಳೆಯ ಸಿ ಫೈಲೊಂದು ಸಿಕ್ಕಿಬಿದ್ದದ್ದು ಇಲ್ಲಿಯೇ. ಪ್ರಾಜೆಕ್ಟಿನ ಕಾಪಿಯಿಂಗ್ ಫೈಲಿನಲ್ಲಿ (ಲೈಸೆನ್ಸಿನ ಪೂರ್ಣ ಪಠ್ಯ ಇಡುವ ಫೈಲು) ಜಿಪಿಎಲ್ 3 ಇದ್ದರೂ ಈ ಫೈಲಿನ ತಲೆಯಲ್ಲಿ ಇದ್ದದ್ದು ಜಿಪಿಎಲ್ 'ಆವೃತ್ತಿ 2' ಎಂದಷ್ಟೆ. 'ಅಥವಾ ನಂತರದ ಯಾವುದೇ ಆವೃತ್ತಿ' ಎಂಬ ಮಾತು ಅಲ್ಲಿರಲಿಲ್ಲ.

ಈ ಒಂದು ಮಾತಿನ ಮೇಲೆ ಇಡೀ ಪ್ಯಾಕೇಜು ನಿಂತಿದೆ. 1991ರ ಜಿಪಿಎಲ್ 2, ತಾನು ಹಾಕಿದ ಷರತ್ತುಗಳಿಗಿಂತ ಹೆಚ್ಚಿನ ನಿರ್ಬಂಧ ಹೇರಬಾರದು ಎನ್ನುತ್ತದೆ. ಪೇಟೆಂಟ್ ದಾವೆ ಹೂಡಿದವರ ಪೇಟೆಂಟ್ ಹಕ್ಕು ರದ್ದಾಗುತ್ತದೆ ಎಂಬ ಅಪಾಚೆ 2.0ರ ಷರತ್ತು ಆ ಲೆಕ್ಕದಲ್ಲಿ ಹೆಚ್ಚಿನ ನಿರ್ಬಂಧ. 2007ರ ಜಿಪಿಎಲ್ 3 ಇದಕ್ಕೆ ಜಾಗ ಮಾಡಿಕೊಟ್ಟಿತು. ಹೀಗಾಗಿ 'ಆವೃತ್ತಿ 2 ಮಾತ್ರ' ಎಂಬ ಫೈಲು ಟೆಸ್ಸೆರಾಕ್ಟ್ ಜತೆಗೂ ಕೂಡದು, ನಮ್ಮ ಜಿಪಿಎಲ್ 3ರ ಕೋಡಿನ ಜತೆಗೂ ಕೂಡದು. '2 ಅಥವಾ ನಂತರ' ಎಂದಿದ್ದರೆ ಆವೃತ್ತಿ 3 ಎಂದೇ ಸ್ವೀಕರಿಸಿ ಮುಂದೆ ಹೋಗಬಹುದಿತ್ತು. '2 ಮಾತ್ರ', '2 ಅಥವಾ ನಂತರ' ಎರಡಕ್ಕೂ ಜತೆಗೆ ಬರುವ ಜಿಪಿಎಲ್ 2ರ ಪೂರ್ಣ ಪಠ್ಯ ಅಕ್ಷರಶಃ ಒಂದೇ. ಭೇದ ತಿಳಿಯುವುದು ಪ್ರತಿ ಫೈಲಿನ ತಲೆಬರಹದಿಂದ. ಲೈಸೆನ್ಸುಗಳಿಗೆ ಗುರುತಿನ ಹೆಸರು ಕೊಡುವ ಎಸ್‌ಪಿಡಿಎಕ್ಸ್‌ನವರು ಬರಿಯ 'ಜಿಪಿಎಲ್-2.0' ಎಂಬ ಗುರುತನ್ನು ಬಳಕೆಯಿಂದ ಕೈಬಿಟ್ಟು 'ಓನ್ಲಿ', 'ಆರ್-ಲೇಟರ್' ಎಂದು ಬೇರೆ ಮಾಡಿದ್ದು ಇದೇ ಗೊಂದಲಕ್ಕೆ. ಆವೃತ್ತಿಯ ಸಂಖ್ಯೆಯನ್ನೇ ಎಲ್ಲೂ ಹೇಳದೆ ಬರೇ ಜಿಪಿಎಲ್ ಎಂದು ಬಿಟ್ಟಿದ್ದರೆ ಮಾತ್ರ ಜಿಪಿಎಲ್ 2ರ 9ನೇ ಕಲಮು ನೆರವಿಗೆ ಬರುತ್ತದೆ: ಪ್ರಕಟವಾದ ಯಾವ ಆವೃತ್ತಿಯನ್ನಾದರೂ ಆರಿಸಿಕೊಳ್ಳಬಹುದು.

ಇಂಥ ಫೈಲಿಗೆ ಮೂರು ದಾರಿ. ಹಕ್ಕುದಾರರಿಂದ '2 ಅಥವಾ ನಂತರ' ಎಂದು ಬರಹದಲ್ಲಿ ಒಪ್ಪಿಗೆ ಪಡೆಯುವುದು. ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ನ ಶಾರ್ಟ್‌ಲಾಗ್ ತೆಗೆದರೆ ಯಾರ ಯಾರ ಕೈ ಬಿದ್ದಿದೆ ಎಂದು ತಿಳಿಯುತ್ತದೆ, ಗಣನೀಯವಾಗಿ ಬರೆದ ಎಲ್ಲರ ಒಪ್ಪಿಗೆಯೂ ಬೇಕು, ಒಬ್ಬರ ವಿಳಾಸ ಸತ್ತಿದ್ದರೆ ದಾರಿ ಅಲ್ಲಿಗೇ ಬಂದ್. ಎರಡನೆಯದು, ಆ ಕೋಡನ್ನು ಬೇರೆಯೇ ಪ್ರೋಗ್ರಾಮ್ ಮಾಡಿ ಕಮಾಂಡ್ ಲೈನಿನಿಂದ ಕರೆಯುವುದು. ಪೈಪ್, ಕಮಾಂಡ್ ಆರ್ಗ್ಯುಮೆಂಟುಗಳ ಮೂಲಕ ಮಾತಾಡುವ ಪ್ರೋಗ್ರಾಮುಗಳನ್ನು ಸಾಮಾನ್ಯವಾಗಿ ಪ್ರತ್ಯೇಕ ಕೃತಿಗಳೆಂದೇ ಜಿಪಿಎಲ್ ಹೊರತಂದ ಎಫ್ಎಸ್ಎಫ್ ಪರಿಗಣಿಸುತ್ತದೆ. ಲೈಸೆನ್ಸ್ ತಪ್ಪಿಸಲಿಕ್ಕೆಂದೇ ಒಂದೇ ಕೆಲಸವನ್ನು ಎರಡು ತುಂಡು ಮಾಡಿ ಒಳಗಿನ ಡೇಟಾ ರಚನೆಗಳನ್ನು ಅತ್ತಿತ್ತ ದಾಟಿಸಿದರೆ ಆ ವಾದ ನಿಲ್ಲುವುದು ಕಷ್ಟ. ಮೂರನೆಯದು ಬದಲಿ ಹುಡುಕುವುದು. ಇಲ್ಲಿ ಮೂರನೆಯದೇ ಸಲೀಸಾಯಿತು: ಲೆಪ್ಟೋನಿಕಾದಲ್ಲಿ ಪಿಕ್ಸ್‌ಡೆಸ್ಕ್ಯೂ ಎಂಬ ಫಂಕ್ಷನ್ ಇದೇ ಕೆಲಸ ಮಾಡುತ್ತದೆ, ಟೆಸ್ಸೆರಾಕ್ಟ್‌ಗಾಗಿ ಲೆಪ್ಟೋನಿಕಾ ಹೇಗೂ ಬೇಕೇ ಬೇಕು.

ಪಿಡಿಎಫ್‌ನಿಂದ ಚಿತ್ರ ತೆಗೆಯಲು ಪೈಮುಪಿಡಿಎಫ್ ವೇಗದ್ದು, ಆದರೆ ಅದರ ಲೈಸೆನ್ಸ್ ಎಜಿಪಿಎಲ್ 3, ಜಾಲದ ಮೇಲಿನ ಬಳಕೆಗೂ ಸೋರ್ಸ್ ಕೇಳುವ ಜಿಪಿಎಲ್ ರೂಪ. ಜಿಪಿಎಲ್ 3ರ ಜತೆ ಸೇರಿಸಲು 13ನೇ ಕಲಮಿನಲ್ಲೇ ಅನುಮತಿ ಇದೆ, ಆದ್ದರಿಂದ ಜಗಳವಿಲ್ಲ. ನಾಳೆ ಯಾರಾದರೂ ಇದನ್ನೇ ತಿದ್ದಿ ಜಾಲತಾಣದ ಸೇವೆಯಾಗಿ ಓಡಿಸಿದರೆ ಬಳಕೆದಾರರಿಗೆಲ್ಲ ಸೋರ್ಸ್ ಕೊಡಬೇಕಾದೀತು. ಪಿಡಿಎಫ್ ಪುಟವನ್ನು ಚಿತ್ರ ಮಾಡುವ, ಪಾಪ್ಲರ್‌ನ ಪಿಡಿಎಫ್‌ಟುಪಿಪಿಎಂ ಕಮಾಂಡನ್ನು ಹೊರಗಿನಿಂದ ಕರೆದು ಆ ಬಾಧ್ಯತೆ ಬಿಟ್ಟೆವು. ಬಟನು, ಕಿಟಕಿಗಳಿಗೆ ಪೈಕ್ಯೂಟಿಯಾದರೂ ಆದೀತು, ಅದು ಜಿಪಿಎಲ್ 3. ಪೈಸೈಡ್ ಆರಿಸಿದ್ದು ಅದೇ ಕೋಡನ್ನು ಜಿಪಿಎಲ್ ಅಲ್ಲದ ಇನ್ನೊಂದು ಪ್ರಾಜೆಕ್ಟಿಗೂ ಒಯ್ಯುವುದಿದೆ ಎಂಬ ಕಾರಣಕ್ಕೆ.

ಕೋಡಿನ ತಕರಾರು ಹೀಗೆ ಬಗೆಹರಿಯುತ್ತದೆ. ಕನ್ನಡದ ಪ್ಯಾಕೇಜು ನಿಜವಾಗಿ ಸಿಕ್ಕಿಕೊಳ್ಳುವುದು ಪದಪಟ್ಟಿ, ತರಬೇತಿ ಪಠ್ಯ, ಫಾಂಟುಗಳಲ್ಲಿ. ಈ ಕಡತಗಳಿಗೆ ತಲೆಬರಹವೂ ಇರುವುದಿಲ್ಲ, ಸ್ಕ್ಯಾನರುಗಳ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಪದಪಟ್ಟಿ ಕನ್ನಡ ವಿಕಿಪೀಡಿಯದಿಂದ ತೆಗೆದದ್ದು. ಅದರ ಪಠ್ಯ 2023ರಿಂದ ಸಿಸಿ ಬಿವೈ-ಎಸ್ಎ 4.0, ಅಂದರೆ ಮೂಲದ ಹೆಸರು ಹೇಳಿ ಅದೇ ಷರತ್ತಿನಲ್ಲಿ ಹಂಚಬೇಕಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್. ಇದನ್ನು ಜಿಪಿಎಲ್ 3ರ ಕೆಲಸದೊಳಗೆ ಸೇರಿಸಬಹುದೆಂದು ಕ್ರಿಯೇಟಿವ್ ಕಾಮನ್ಸ್ 2015ರಲ್ಲಿ ಘೋಷಿಸಿದೆ. ಇದೂ ಒಂದೇ ದಿಕ್ಕಿನದು, 3.0 ಆವೃತ್ತಿಗೆ ಅನ್ವಯಿಸದು. ಒಂದು ಸಣ್ಣ ಕೊಕ್ಕೆಯೂ ಇದೆ. ಘೋಷಣೆ ಇರುವುದು ಜಿಪಿಎಲ್ ಆವೃತ್ತಿ 3ಕ್ಕೆ ಮಾತ್ರ. ಆ ಪಟ್ಟಿ ಪ್ರೋಗ್ರಾಮಿನೊಳಗೇ ಬೆರೆತುಹೋದರೆ ಬೆರೆತ ಭಾಗದ ಮೇಲೆ 'ಅಥವಾ ನಂತರ' ಎಂದು ಬರೆಯುವಂತಿಲ್ಲ. ಹಾಗಾಗಿ ಪಟ್ಟಿಯನ್ನು ಬೈನರಿಗೆ ಹೊಲಿಯದೆ ಪ್ರತ್ಯೇಕ ಡೇಟಾ ಫೈಲಾಗಿ ಇಟ್ಟೆವು.

ಅರ್ಥಕ್ಕೆ ಬಳಸಿದ್ದು 'ಅಲರ್' ನಿಘಂಟಿನ ಡೇಟಾ, ಲೈಸೆನ್ಸ್ ಡೇಟಾಬೇಸುಗಳಿಗೆಂದೇ ಇರುವ ಓಡಿಬಿಎಲ್. ಪದಪಟ್ಟಿ, ನಿಘಂಟು ಎರಡನ್ನೂ ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸಿನ ಕೋಷ್ಟಕಕ್ಕೆ ಸುರಿದರೆ ಹುಡುಕಾಟ ಸುಲಭ, ಲೈಸೆನ್ಸ್ ಮಾತ್ರ ಕೆಡುತ್ತದೆ. ಬೆರೆತ ಡೇಟಾಬೇಸನ್ನು ತನ್ನದೇ ಷರತ್ತಿನಲ್ಲಿ ಹಂಚಬೇಕೆಂದು ಓಡಿಬಿಎಲ್ ಕೇಳುತ್ತದೆ, ಸಿಸಿ ಬಿವೈ-ಎಸ್ಎ ಕೂಡ ತನ್ನದೇ ಷರತ್ತನ್ನು ಕೇಳುತ್ತದೆ, ಎರಡನ್ನೂ ಒಟ್ಟಿಗೆ ಪಾಲಿಸಲಾಗದು. ಎರಡು ಫೈಲು, ಎರಡು ಉಪಪ್ಯಾಕೇಜು, ಓಡುವಾಗ ಎರಡರಲ್ಲೂ ಹುಡುಕುವುದು: ಇಷ್ಟು ಮಾಡಿದರೆ ಅದು ಬರೇ ಸಂಗ್ರಹ, ಬೆರಕೆಯಲ್ಲ. ಕಿಟೆಲ್ ಅವರ 1894ರ ನಿಘಂಟು ಹಕ್ಕುಮುಕ್ತ. ಆದರೂ ಅದನ್ನು ಟೈಪ್ ಮಾಡಿ ತಿದ್ದುಪಡಿ, ಟಿಪ್ಪಣಿ ಸೇರಿಸಿದವರು ಏನು ಷರತ್ತು ಹಾಕಿದ್ದಾರೆ ಎಂದು ನೋಡಿಯೇ ಎತ್ತಿಕೊಳ್ಳಬೇಕು. 'ವಾಣಿಜ್ಯೇತರ ಬಳಕೆಗೆ ಮಾತ್ರ' ಎಂದಿರುವ ಪಟ್ಟಿಯನ್ನು ದೂರ ಇಡಿ. ಡೆಬಿಯನ್‌ನ ಮುಖ್ಯ ಭಂಡಾರಕ್ಕೆ ಅದು ಸೇರದು.

ಟೆಸ್ಸೆರಾಕ್ಟ್‌ನ ಕನ್ನಡ ಮಾದರಿ ಅಪಾಚೆ 2.0. ಹಳೆಯ ಮುದ್ರಣದ ಱ, ೞ ಅಕ್ಷರಗಳಿಗಾಗಿ ಮರುತರಬೇತಿ ಕೊಡುವಾಗ ಪುಟ ಯಾರದೆಂಬುದು ಮುಖ್ಯ. ಭಾರತದಲ್ಲಿ ಲೇಖಕರು ತೀರಿಹೋದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಹೋದದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹ 2024ರ ಜನವರಿ 1ರಿಂದ ಮುಕ್ತ. 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳದ್ದು 2075ರ ಕೊನೆಯವರೆಗೆ ಇಲ್ಲ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗದ ಮೂಲ ಮುಕ್ತವೇ ಆದರೂ ಈಚಿನ ಮುದ್ರಣದ ಮುನ್ನುಡಿ, ಅಡಿಟಿಪ್ಪಣಿ ಸಂಪಾದಕರವು. ಅವುಗಳ ಪುಟಗಳನ್ನು ತೆಗೆದುಹಾಕಿಯೇ ತರಬೇತಿಗೆ ಕೊಡಿ.

ಫಾಂಟಿನದ್ದು ಚುಟುಕು. ಲೋಹಿತ್, ನೋಟೋ ಎರಡಕ್ಕೂ ಇರುವುದು ಫಾಂಟುಗಳ ಮುಕ್ತ ಲೈಸೆನ್ಸ್ ಓಎಫ್ಎಲ್ 1.1, ಡಿಸ್ಟ್ರೋದ ಪ್ಯಾಕೇಜನ್ನೇ ಅವಲಂಬಿಸಿ. ತಿದ್ದಿಯೇ ಸೇರಿಸಬೇಕಾದರೆ ಲೈಸೆನ್ಸ್ ಫೈಲಿನ ಆರಂಭದಲ್ಲಿ ಕಾದಿರಿಸಿದ ಹೆಸರು ಇದೆಯೇ ನೋಡಿ. ಇದ್ದರೆ ತಿದ್ದಿದ ಫಾಂಟಿಗೆ ಹೊಸ ಹೆಸರು ಕಡ್ಡಾಯ.

ಇದೆಲ್ಲವೂ ಬಂದು ಕೂರುವುದು ಪ್ಯಾಕೇಜಿನ ಸೋರ್ಸಿನಲ್ಲಿರುವ 'ಡೆಬಿಯನ್' ಫೋಲ್ಡರಿನ ಕಾಪಿರೈಟ್ ಫೈಲಿನಲ್ಲಿ. ಎಲ್ಲ ಫೈಲುಗಳನ್ನೂ ಸೂಚಿಸುವ ನಕ್ಷತ್ರ ಚಿಹ್ನೆಯ ಸಾಮಾನ್ಯ ಪ್ಯಾರಾ ಮೊದಲು, ವಿಶೇಷ ಫೈಲುಗಳದ್ದು ಕೆಳಗೆ. ಕೊನೆಗೆ ಹೊಂದಿದ ಪ್ಯಾರಾವೇ ಅನ್ವಯ, ತಿರುಗಾಮುರುಗಾ ಮಾಡಿದರೆ ಎಲ್ಲ ಫೈಲೂ ಒಂದೇ ಲೈಸೆನ್ಸಿಗೆ ಬೀಳುತ್ತದೆ. ಜಿಪಿಎಲ್, ಅಪಾಚೆಗಳ ಪೂರ್ಣ ಪಠ್ಯ ವ್ಯವಸ್ಥೆಯಲ್ಲೇ ಇರುವುದರಿಂದ ಅವುಗಳ ಜಾಗ ತೋರಿಸಿದರೆ ಸಾಕು. ಎಂಐಟಿ ಲೈಸೆನ್ಸಿನ ಪಠ್ಯ ಅಲ್ಲಿಲ್ಲ, ಪೂರ್ತಿ ಬರೆಯಬೇಕು. ಪ್ಯಾಕೇಜಿಂಗ್ ಭಾಗಕ್ಕೆ ಮೂಲ ಪ್ರಾಜೆಕ್ಟಿನದ್ದೇ ಲೈಸೆನ್ಸ್ ಕೊಡಿ. ಬಿಎಸ್‌ಡಿ ಪ್ರಾಜೆಕ್ಟಿಗೆ ಜಿಪಿಎಲ್ ಪ್ಯಾಚ್ ಕಳಿಸಿದರೆ ಅವರು ತೆಗೆದುಕೊಳ್ಳಲಾರರು.

ಹೊಸ ಆವೃತ್ತಿ ಬಂದಾಗ ಹಳೆಯ ಲೈಸೆನ್ಸ್‌ಚೆಕ್ ಫಲಿತಾಂಶದೊಂದಿಗೆ ಹೊಸದರ ಡಿಫ್ (ವ್ಯತ್ಯಾಸದ ಪಟ್ಟಿ) ತೆಗೆಯುತ್ತೇನೆ. ಗೂಢಲಿಪಿ ಲೈಬ್ರರಿ ಓಪನ್‌ಎಸ್ಎಸ್ಎಲ್ 3.0ಕ್ಕೆ ಬಂದಾಗ ಅದರ ಲೈಸೆನ್ಸ್ ಅಪಾಚೆ 2.0 ಆಯಿತು, ಪಿಡಿಎಫ್ ಸಲಕರಣೆ ಘೋಸ್ಟ್‌ಸ್ಕ್ರಿಪ್ಟ್‌ನದು 9.07ರಲ್ಲಿ ಎಜಿಪಿಎಲ್ ಆಯಿತು. ಎರಡರಲ್ಲೂ ಪ್ಯಾಕೇಜಿನ ಹೆಸರು ಹಳೆಯದೇ.