ಕೆರೆಗೆ ಸುರಿದ ನೀರಿನ ಲೆಕ್ಕ ಹಾಕಿದ್ದು

"ಕೋರ್ ಹಣ ಎಂದರೆ ಕೆರೆಗೆ ಸುರಿದ ನೀರು. ಯಾರ ಕೊಡದ ನೀರು ಯಾವ ಗದ್ದೆಗೆ ಹೋಯಿತೆಂದು ಹೇಗೆ ಹೇಳುತ್ತೀರಿ?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕಿದ್ದರು. ಕೋರ್ ಹಣ ಎಂದರೆ ಇಂಥದ್ದಕ್ಕೇ ಎಂದು ಗುರುತು ಹಾಕದೆ ದಾನಿ ದೇಶ ಸಂಸ್ಥೆಯ ಕೈಗೆ ಕೊಡುವ ಹಣ. ಒಂದು ದಾನಿ ದೇಶದ ಖಜಾನೆಯಿಂದ ಯುನಿಸೆಫ್, ವಿಶ್ವಬ್ಯಾಂಕಿನಂಥ ಬಹುಪಕ್ಷೀಯ ಸಂಸ್ಥೆಗಳ ಮೂಲಕ ಒಂದು ನಿರ್ದಿಷ್ಟ ದೇಶಕ್ಕೆ ವರ್ಷಕ್ಕೆಷ್ಟು ನಗದು ಹೋಗುತ್ತದೆ ಎಂಬ ನನ್ನ ಲೆಕ್ಕ, ಆ ದಾನಿಯೇ ಆಮೇಲೆ ಹೊರತಂದ ಅಂಕಿಗೆ ಶೇ 3ರ ಆಸುಪಾಸಿನಲ್ಲಿ ಬಂದು ನಿಂತಿತು. ಈಗ ಅದೇ ಹಿರಿಯರು ನನ್ನ ಎಕ್ಸೆಲ್ ಕಡತ ಕೇಳುತ್ತಿದ್ದಾರೆ.

ಮೊದಲ ಸಲ ಮುಗ್ಗರಿಸಿದ್ದು ದಾನಿ ದೇಶಗಳು ತಮ್ಮ ನೆರವನ್ನು ಬಾಬ್ತುವಾರು ವರದಿ ಮಾಡುವ ಒಇಸಿಡಿಯ ಸಿಆರ್‌ಎಸ್ ದತ್ತಾಂಶದಲ್ಲೇ. ಹಣ ಯಾರ ಮೂಲಕ ಹೋಯಿತೆಂದು ಹೇಳುವ ಚಾನೆಲ್ ಸಂಕೇತ 41122, ಅಂದರೆ ಯುನಿಸೆಫ್. ಆದರೆ ಪಕ್ಕದ ಕಾಲಂನಲ್ಲಿ ಬರೆದದ್ದು ದ್ವಿಪಕ್ಷೀಯ, ಅಂದರೆ ದೇಶದಿಂದ ದೇಶಕ್ಕೆ ನೇರವಾಗಿ ಕೊಟ್ಟದ್ದು ಎಂದು. ಇಂಥ ದೇಶಕ್ಕೆ, ಇಂಥ ಕೆಲಸಕ್ಕೆ ಎಂದು ಗುರುತು ಹಾಕಿ ಕೊಟ್ಟ ಹಣ ದಾನಿ ದೇಶಗಳ ಸಮಿತಿಯಾದ ಡಿಎಸಿಯ ಲೆಕ್ಕದಲ್ಲಿ ದ್ವಿಪಕ್ಷೀಯವೇ ಎಂದು ಗೊತ್ತಿದ್ದೂ, ಯುನಿಸೆಫ್‌ನ ವಾರ್ಷಿಕ ವರದಿಯಲ್ಲಿದ್ದ ಆ ದೇಶದ ಒಟ್ಟು ಖರ್ಚನ್ನು ಕೋರ್ ಎಂದು ಹಂಚಿಬಿಟ್ಟೆ. ಒಂದೇ ಹಣ ಎರಡು ಸಲ ಬಂತು. ಮೊತ್ತ ಸುಮಾರು ಶೇ 40ರಷ್ಟು ಊದಿಕೊಂಡಿತ್ತು. ವರದಿ ವಾಪಸ್ ಬಂತು, ಒಪ್ಪಂದದ ಎರಡನೇ ಕಂತು ಬರಲೇ ಇಲ್ಲ: ಎರಡು ಸಾವಿರ ಡಾಲರ್‌ನಷ್ಟು ಇರಬೇಕು.

ಎರಡನೇ ತಪ್ಪು ಐಡಿಎಯದು, ಅಂದರೆ ವಿಶ್ವಬ್ಯಾಂಕಿನ ಬಡ ದೇಶಗಳ ನಿಧಿಯದು. ಅದರ ವಿತರಣೆಯನ್ನು ದಾನಿಗಳ ಪಾಲಿನ ಪ್ರಕಾರ ಪೂರ್ತಿ ಹಂಚಿದ್ದೆ. ಮೂರು ವರ್ಷಕ್ಕೊಮ್ಮೆ ನಿಧಿ ತುಂಬುವ ಸುತ್ತುಗಳಲ್ಲಿ ಇಪ್ಪತ್ತನೆಯದಾದ ಐಡಿಎ-20ರ 93 ಶತಕೋಟಿ ಡಾಲರ್‌ನಲ್ಲಿ ದಾನಿಗಳು ಕೊಟ್ಟದ್ದು 23.5 ಶತಕೋಟಿ ಮಾತ್ರ; ಉಳಿದದ್ದರಲ್ಲಿ ಹಳೆಯ ಸಾಲದ ಮರುಪಾವತಿ ಇದೆ, 2018ರಿಂದ ಬಾಂಡ್ ಮಾರಿ ತಂದ ಹಣವೂ ಇದೆ. ಅದನ್ನೆಲ್ಲ ದಾನಿಯ ಹೆಸರಿಗೆ ಬರೆದರೆ ದಾನಿಗೆ ಖುಷಿ, ಲೆಕ್ಕಕ್ಕೆ ಮಣ್ಣು.

ದಾರಿ ತೋರಿಸಿದ್ದು ಪ್ರಾಮಿಸರಿ ನೋಟು, ಅಂದರೆ ಕೇಳಿದಾಗ ಹಣ ಕೊಡುವೆನೆಂದು ದಾನಿ ಬರೆದುಕೊಡುವ ಪತ್ರ. ಹೀಗೆ ನಿಧಿ ತುಂಬುವ ಮರುಪೂರಣ ಸಭೆಯಲ್ಲಿ ಘೋಷಿಸಿದ ಹಣ ಆ ಮೂರು ವರ್ಷದಲ್ಲೇ ಖಜಾನೆಯಿಂದ ಹೊರಡುವುದಿಲ್ಲ. ನೋಟು ಇಡುತ್ತಾರೆ, ಅದು ಒಂಬತ್ತು ವರ್ಷಗಳ ಆಸುಪಾಸಿನಲ್ಲಿ ಸ್ವಲ್ಪ ಸ್ವಲ್ಪವೇ ನಗದಾಗುತ್ತದೆ. ಸಂಸ್ಥೆಯ ಖರ್ಚಿನಲ್ಲಿ ದಾನಿಯ ಹೆಸರಿಗೆ ಎಷ್ಟು ಬರೆಯಬೇಕೆಂದು ಅಂದಾಜಿಸುವ ಡಿಎಸಿಯ ಸೂತ್ರವನ್ನು, ಅಂದರೆ ದಾನಿಯ ಕೋರ್ ಹಣವನ್ನು ಸಂಸ್ಥೆಯ ವಿತರಣೆಯಲ್ಲಿ ಆ ದೇಶದ ಪಾಲಿನಿಂದ ಗುಣಿಸುವುದನ್ನು, ನಾನು ಬಿಡಲಿಲ್ಲ. ಘೋಷಣೆಯ ಜಾಗದಲ್ಲಿ ಆ ವರ್ಷ ನಗದಾದ ನೋಟುಗಳನ್ನು ಕೂರಿಸಿದೆ, ದೇಶದ ಪಾಲಿಗೆ ಮೂರು ವರ್ಷದ ಸರಾಸರಿ ಹಿಡಿದೆ. ಒಂದೇ ವರ್ಷದ ಖರ್ಚಿನಲ್ಲಿ ಹಳೆಯ ಎರಡು ಮೂರು ಮರುಪೂರಣಗಳ ನೋಟುಗಳು ಒಟ್ಟಿಗೆ ಕೂತಿರುವುದು ಆಗಲೇ ಕಣ್ಣಿಗೆ ಬಿದ್ದದ್ದು. ಐಡಿಎ-19 ಮೂರರ ಬದಲು ಎರಡೇ ವರ್ಷಕ್ಕೆ ಮುಗಿದಿದ್ದರಿಂದ ಅಲ್ಲಿ ನನ್ನ ಹಾಳೆ ಪೂರ್ತಿ ಕೆಟ್ಟು, ಹತ್ತು ದಿನ ಹೋಯಿತು.

ನಗದಾಗುವ ವೇಳಾಪಟ್ಟಿಯನ್ನು ಪ್ರಕಟಿಸದ ದಾನಿಗಳದನ್ನು ಎಲ್ಲಿಂದ ಹೆಕ್ಕಿದೆ ಎಂದು ಕೇಳುವವರಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಜೆಟ್ ಪುಸ್ತಕಗಳ ಅನುಬಂಧಗಳನ್ನು ಕೊನೆಯ ಪುಟದಿಂದ ಓದಲು ಶುರು ಮಾಡಿ ಎಂದಷ್ಟೇ ಹೇಳಬಲ್ಲೆ.

ನಡುವೆ ಚಪಲಕ್ಕೆ ಐಡಿಎಯ ಹಂಚಿಕೆ ಸೂತ್ರವನ್ನೂ ಕಟ್ಟಿ ನೋಡಿದೆ. ದೇಶಗಳ ನೀತಿಗೂ ಆಡಳಿತಕ್ಕೂ ವಿಶ್ವಬ್ಯಾಂಕ್ ಅಂಕ ಹಾಕುವ ಸಿಪಿಐಎಯ 16 ಮಾನದಂಡಗಳು, 1ರಿಂದ 6ರವರೆಗಿನ ಅಂಕ, ಜನಸಂಖ್ಯೆ, ತಲಾ ಆದಾಯ. ಆಡಳಿತದ ಅಂಕಕ್ಕೆ ಅಷ್ಟು ತೂಕ, ಬಡತನಕ್ಕೆ ಇಷ್ಟೇ ಇಷ್ಟು ಎಂಬುದು ಕೈಯಾರೆ ಹಾಕಿದಾಗಲೇ ಚುಚ್ಚುವುದು. ದೊಡ್ಡ ದೇಶಗಳ ಶ್ರೇಣಿ ಬಹುಪಾಲು ಸರಿಬಂತು, ಪುಟ್ಟ ದ್ವೀಪಗಳದು ಮಾತ್ರ ಎಲ್ಲೋ ಹೋಯಿತು. ಪ್ರತಿ ದೇಶಕ್ಕೂ ಕೊಡುವ ಕನಿಷ್ಠ ಮೊತ್ತವನ್ನು ಸೇರಿಸಲು ಮರೆತಿದ್ದೆ.

ಐಎಫ್‌ಎಫ್‌ಐಎಂ ಎಂಬ ಲಸಿಕೆಗೆ ಹಣ ಹೊಂದಿಸುವ ಸಂಸ್ಥೆಯ ಲೆಕ್ಕ ಮಾತ್ರ ಇನ್ನೂ ಬಗೆಹರಿದಿಲ್ಲ. ದಾನಿಗಳು ಮುಂದಿನ ಹತ್ತಾರು ವರ್ಷ ಕೊಡುವುದಾಗಿ ಬರೆದುಕೊಟ್ಟ ವಾಗ್ದಾನದ ಮೇಲೆ ಇವತ್ತು ಬಾಂಡ್ ಮಾರಿ, ಬಡ ದೇಶಗಳಿಗೆ ಲಸಿಕೆ ಒದಗಿಸುವ ಗಾವಿ ಒಕ್ಕೂಟಕ್ಕೆ ಹಣ ತರುತ್ತಾರೆ. ಲಸಿಕೆ ಬಿದ್ದ ವರ್ಷಕ್ಕೆ ಬರೆಯಬೇಕೋ, ಖಜಾನೆ ಕೊಟ್ಟ ವರ್ಷಕ್ಕೋ? ಎರಡು ರೀತಿಯಲ್ಲೂ ಹಾಕಿದೆ, ಎರಡೂ ಬೇರೆ ಬೇರೆ ಕತೆ ಹೇಳಿದವು. ಆ ಹಾಳೆಗೆ ಕೆಂಪು ಬಣ್ಣ ಬಳಿದು ಇಟ್ಟಿದ್ದೇನೆ. ಹಿರಿಯರಿಗೆ ಕಡತ ಕಳಿಸುವಾಗ ಅದೊಂದನ್ನು ತೆಗೆದಿಟ್ಟುಕೊಳ್ಳುತ್ತೇನೆ.