ಪೆಂಬ್ರೋಕ್‌ಶೈರ್ ಕರಾವಳಿಯನ್ನು ನಿಧಾನವಾಗಿ ನಡೆಯುವ ಬಗೆ

ವೇಲ್ಸ್‌ನ ನೈರುತ್ಯ ಮೂಲೆಯ ಪೆಂಬ್ರೋಕ್‌ಶೈರ್ ಕರಾವಳಿ ಕಾಲುದಾರಿ ಶುರುವಾದದ್ದು 1970ರಲ್ಲಿ. ಉತ್ತರದ ಸೇಂಟ್ ಡಾಗ್‌ಮೇಲ್ಸ್‌ನಿಂದ ದಕ್ಷಿಣದ ಆಮ್ರೋತ್‌ವರೆಗೆ 299 ಕಿ.ಮೀ. ಕಡಲಂಚಿನ ದಾರಿ ತಾನೇ ಎಂದು ಹೊರಟವರಿಗೆ ಮೊದಲ ದಿನವೇ ಸತ್ಯ ಗೊತ್ತಾಗುತ್ತದೆ: ಪ್ರತಿ ಕೊಲ್ಲಿಗೂ ಇಳಿದು ಮತ್ತೆ ಹತ್ತಬೇಕು, ಏರಿದ್ದನ್ನೆಲ್ಲ ಕೂಡಿಸಿದರೆ 10,000 ಮೀಟರ್ ದಾಟುತ್ತದೆ. ಹೆಚ್ಚಿನವರು ಎರಡು ವಾರದಲ್ಲಿ ಮುಗಿಸುತ್ತಾರೆ. ಆ ಓಟದಲ್ಲಿ ಊರು ಸೇರುವಷ್ಟರಲ್ಲಿ ಸಂಜೆಯಾಗಿರುತ್ತದೆ, ದೋಣಿಯವರು ಕೆಲಸ ಮುಗಿಸಿ ಮನೆ ಸೇರಿರುತ್ತಾರೆ. ಜನರನ್ನು ಕಾಣಬೇಕೆಂದರೆ ದಿನದ ನಡಿಗೆ 12 ಕಿ.ಮೀ. ಮೀರಬಾರದು ಎಂಬುದು ನನ್ನ ಲೆಕ್ಕ.

ಇದಕ್ಕೆ ನಾನು ಇಟ್ಟುಕೊಂಡ ಕ್ರಮ ಸರಳ. ಒಂದು ಊರಿನಲ್ಲಿ ಎರಡು ಮೂರು ರಾತ್ರಿ ತಂಗುವುದು, ಕರಾವಳಿ ಬಸ್ಸುಗಳನ್ನು ಬಳಸುವುದು. ಪಾಪಿಟ್ ರಾಕೆಟ್, ಸ್ಟ್ರಂಬಲ್ ಶಟಲ್, ಪಫಿನ್ ಶಟಲ್ ಎಂಬ ಈ ಬಸ್ಸುಗಳು ನಡೆಯುವವರಿಗೆಂದೇ ಇರುವಂಥವು. ಹಳ್ಳಿ ದಾರಿಯಲ್ಲಿ ಸುರಕ್ಷಿತ ಜಾಗದಲ್ಲಿ ನಿಂತು ಕೈ ತೋರಿಸಿದರೆ ನಿಲ್ಲಿಸುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ ದೂರ ಹೋಗಿ, ತಂಗಿದ ಊರಿನ ಕಡೆಗೆ ನಡೆದು ಬರಬೇಕು. ಉಲ್ಟಾ ಮಾಡಿದರೆ ದಿನವಿಡೀ ಕೊನೆಯ ಬಸ್ಸಿನ ಚಿಂತೆಯೇ. ಚಳಿಗಾಲದಲ್ಲಿ ಓಡಾಟ ಕಡಿಮೆ, ಹಾಗಾಗಿ ವೇಳಾಪಟ್ಟಿಯನ್ನು ಆಯಾ ತಿಂಗಳಿಗೇ ನೋಡಿಕೊಳ್ಳಬೇಕು. ಉತ್ತರದಿಂದ ಹೊರಟರೆ ಸೇಂಟ್ ಡಾಗ್‌ಮೇಲ್ಸ್‌ನಿಂದ ನ್ಯೂಪೋರ್ಟ್‌ವರೆಗಿನ ಮೊದಲ 25 ಕಿ.ಮೀ.ಯೇ ಇಡೀ ದಾರಿಯ ಕಷ್ಟದ ತುಂಡು, ನಡುವೆ ಅಂಗಡಿಯೂ ಇಲ್ಲ. ಅದನ್ನು ಕೇಯ್ಬುರ್ ಕೊಲ್ಲಿಯಲ್ಲಿ ಎರಡಾಗಿ ಮುರಿಯಿರಿ. ಸ್ವಲ್ಪ ಒಳಗಿರುವ ಮೊಯ್ಲ್‌ಗ್ರೋವ್‌ನಲ್ಲಿ ಪಾಪಿಟ್ ರಾಕೆಟ್ ಸಿಗುತ್ತದೆ.

ಉಬ್ಬರವಿಳಿತದ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ದಕ್ಷಿಣ ಭಾಗದ ಬಂದರಾದ ಮಿಲ್‌ಫೋರ್ಡ್ ಹೇವನ್‌ನಲ್ಲಿ ನೀರು 6 ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಡೇಲ್ ಹಳ್ಳಿಯ ಪಕ್ಕದ ಗ್ಯಾನ್ ಮತ್ತು ಅದರಾಚೆಯ ಸ್ಯಾಂಡಿ ಹೇವನ್, ಇವೆರಡು ಅಳಿವೆಗಳನ್ನು ನೀರು ಇಳಿದಾಗ ಮಾತ್ರ ದಾಟಬಹುದು. ಗ್ಯಾನ್‌ಗೆ ಪೂರ್ಣ ಇಳಿತದ ಆಚೀಚೆ ಮೂರೂವರೆ ಗಂಟೆ, ಸ್ಯಾಂಡಿ ಹೇವನ್‌ಗೆ ಎರಡೂವರೆ ಗಂಟೆ. ನಡುವಿನ ದೂರ ಸುಮಾರು 8 ಕಿ.ಮೀ. ಇಳಿತ ಮಧ್ಯಾಹ್ನ 1 ಗಂಟೆಗೆ ಎಂದಿಟ್ಟುಕೊಳ್ಳಿ. ಗ್ಯಾನ್ 9.30ಕ್ಕೆ ತೆರೆಯುತ್ತದೆ. 10ಕ್ಕೆ ದಾಟಿ ಆರಾಮವಾಗಿ ನಡೆದರೂ 1ರ ಹೊತ್ತಿಗೆ ಸ್ಯಾಂಡಿ ಹೇವನ್ ಸೇರಬಹುದು, ಅಲ್ಲಿ 3.30ರವರೆಗೆ ದಾರಿ ಇರುತ್ತದೆ. ಆ ಎರಡೂವರೆ ಗಂಟೆಯೇ ಕೂತು ಮಾತಾಡಲು ಸಿಗುವ ಬಿಡುವು. ಇಳಿತಕ್ಕೆ ಸರಿಯಾಗಿ ಗ್ಯಾನ್ ದಾಟಿದರೆ ಎರಡನೆಯದು ಮುಚ್ಚುವ ಮುನ್ನ ತಲುಪಲು ಓಡಬೇಕಾಗುತ್ತದೆ. ಅವಕಾಶ ತಪ್ಪಿದರೆ ಗ್ಯಾನ್ ಸುತ್ತಿ ಬರಲು 4 ಕಿ.ಮೀ., ಸ್ಯಾಂಡಿ ಹೇವನ್‌ಗೆ 6 ಕಿ.ಮೀ. ಹೆಚ್ಚು. ನೀರಿಗಿಳಿದು ನೋಡೋಣ ಎನ್ನುವುದಕ್ಕಿಂತ ಆ ಸುತ್ತೇ ಮೇಲು.

ಇಲ್ಲಿ ಇನ್ನೊಂದು ತೊಡಕಿದೆ. ಕೆಲವು ಉಬ್ಬರವಿಳಿತ ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ, ಕೆಲವು ಬೇಸಿಗೆಯ ಸಮಯಕ್ಕೆ (ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ) ಆಗಲೇ ಸರಿಪಡಿಸಿರುತ್ತವೆ. ಮೊದಲನೆಯದಕ್ಕೆ ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಬೇಕು, ಮರೆತರೆ ಬೆಳಿಗ್ಗೆ ನೀರಿನೆದುರು ಕಾಯುತ್ತೀರಿ, ಅಷ್ಟೇ. ಎರಡನೆಯದಕ್ಕೂ ಕೂಡಿಸಿಬಿಟ್ಟರೆ ಮಾತ್ರ ಅಪಾಯ: ಇನ್ನೂ ಹೊತ್ತಿದೆ ಎಂದುಕೊಂಡು ನೀರು ಏರುತ್ತಿರುವಾಗ ಕಾಲಿಡುತ್ತೀರಿ. ಪಟ್ಟಿಯ ತಲೆಬರಹ ಓದದೆ ಅಂಕಿ ಓದಬೇಡಿ.

ಕ್ಯಾಸಲ್‌ಮಾರ್ಟಿನ್‌ನಲ್ಲಿ ದಾರಿ ಸೈನ್ಯದ ಫಿರಂಗಿ ಅಭ್ಯಾಸದ ನೆಲದ ಮೇಲೆ ಹಾಯುತ್ತದೆ. ಕೆಂಪು ಬಾವುಟ ಹಾರುತ್ತಿದ್ದರೆ ರಸ್ತೆಯಲ್ಲೇ ಹೋಗಬೇಕು. ಅಭ್ಯಾಸದ ವೇಳೆಯನ್ನು ಮೊದಲೇ ಪ್ರಕಟಿಸುತ್ತಾರೆ. ಅಭ್ಯಾಸವಿಲ್ಲದ ದಿನಕ್ಕೆ, ಸಾಮಾನ್ಯವಾಗಿ ವಾರಾಂತ್ಯಕ್ಕೆ, ಹೊಂದಿಸಿಕೊಂಡರೆ ಬಂಡೆಯ ಸಂದಿಯಲ್ಲಿ ಕೂತ ಸೇಂಟ್ ಗೋವನ್ ಗುಡಿಯಿಂದ ಗ್ರೀನ್ ಬ್ರಿಜ್ ಎಂಬ ಸುಣ್ಣಕಲ್ಲಿನ ಕಮಾನಿನವರೆಗೆ ಅಂಚಿನಲ್ಲೇ ನಡೆಯಬಹುದು.

ಮಿಲ್‌ಫೋರ್ಡ್ ಹೇವನ್ ಸುತ್ತ ತೈಲ ಮತ್ತು ಅನಿಲದ ಟರ್ಮಿನಲ್‌ಗಳಿವೆ. ಚೆಲುವಿಲ್ಲವೆಂದು ಅನೇಕರು ಈ ಭಾಗವನ್ನು ಬಸ್ಸಿನಲ್ಲಿ ದಾಟಿಬಿಡುತ್ತಾರೆ. ನಾನಂತೂ ಬಿಡಬೇಡಿ ಎನ್ನುತ್ತೇನೆ. ಇಂದಿನ ಪೆಂಬ್ರೋಕ್‌ಶೈರ್ ದುಡಿಯುವುದು ಇಲ್ಲಿ.

ಜನ ಸಿಗುವುದು ಕಾಲುದಾರಿಯಲ್ಲಲ್ಲ, ಕೆಲಸದ ಜಾಗದಲ್ಲಿ. ಪೊರ್ತ್‌ಗೈನ್ ಬಂದರು ಹಿಂದೆ ರಸ್ತೆಗೆ ಜಲ್ಲಿ ಕಳಿಸುತ್ತಿತ್ತು. ಆ ಜಲ್ಲಿ ತುಂಬಿಡುತ್ತಿದ್ದ ಇಟ್ಟಿಗೆಯ ಬೃಹತ್ ಕಣಜಗಳು ಇನ್ನೂ ನಿಂತಿವೆ, ಈಗ ಅಲ್ಲಿ ಏಡಿ ಮತ್ತು ಲಾಬ್‌ಸ್ಟರ್ ಹಿಡಿಯುವ ದೋಣಿಗಳು. ದೋಣಿ ಬರುವಾಗ ಇಳಿಜಾರಿನ ದಕ್ಕೆಯಿಂದ ದೂರ ನಿಲ್ಲಿ, ಸುರುಳಿ ಸುತ್ತಿಟ್ಟ ಹಗ್ಗದೊಳಗೆ ಕಾಲಿಡಲೇಬೇಡಿ. ಏಡಿ ಹಿಡಿಯುವ ಬಲೆಪೆಟ್ಟಿಗೆ ನೀರಿಗೆ ಬಿದ್ದಾಗ ಹಗ್ಗ ಕಾಲನ್ನೂ ಸೆಳೆದೊಯ್ಯುತ್ತದೆ ಎಂಬ ಭಯ ದೋಣಿಯವರ ಮೈಯಲ್ಲೇ ಇದೆ. ದಡದಲ್ಲೂ ಅದನ್ನು ಗೌರವಿಸುವವರೊಡನೆ ಬೇಗ ಮಾತಿಗಿಳಿಯುತ್ತಾರೆ. ಸರಕು ಇಳಿಸುವಾಗ ಸುಮ್ಮನಿರಿ, ಪೆಟ್ಟಿಗೆ ರಿಪೇರಿ ಮಾಡುತ್ತ ಕೂತಾಗ ಕೇಳಿ. ನಾಳೆ ಗಾಳಿ ಯಾವ ದಿಕ್ಕಿನದು ಎಂಬ ಪ್ರಶ್ನೆಗೆ ಯಾರೂ ಉತ್ತರಿಸದೆ ಇರುವುದಿಲ್ಲ, ಆ ಉತ್ತರ ನಿಮಗೂ ಬೇಕಾದದ್ದೇ. ಸೇಂಟ್ ಜಸ್ಟಿನಿಯನ್ಸ್‌ನ ಜೀವರಕ್ಷಕ ದೋಣಿಗೆ ಹೋಗುವವರಲ್ಲಿ ಬಹುಪಾಲು ಸ್ವಯಂಸೇವಕರು. 1859ರ ಅಕ್ಟೋಬರ್ ಬಿರುಗಾಳಿಗೆ ಹಾಳಾದ ಚರ್ಚಿನ ಒಂದೇ ಗೋಡೆ ಕುಮ್ ಇರ್ ಎಗ್ಲುಯಿಸ್‌ನಲ್ಲಿ ಉಳಿದಿದೆ. ಅದನ್ನು ನೋಡಿದರೆ ಇಲ್ಲಿ ಸಮುದ್ರದ ಮಾತು ಯಾಕೆ ಹಗುರವಲ್ಲ ಎಂದು ತಿಳಿಯುತ್ತದೆ. ಉತ್ತರ ಭಾಗದಲ್ಲಿ ವೆಲ್ಷ್ ಹೆಚ್ಚು ಕೇಳುತ್ತದೆ. ಬೆಳಿಗ್ಗೆ 'ಬೋರೆ ದಾ' (ಶುಭೋದಯ) ಎಂದರೆ ಸಾಕು, ಮುಂದಿನ ಮಾತು ಇಂಗ್ಲಿಷಿನಲ್ಲಿ ಸಾಗುತ್ತದೆ. ಅದೇ ಊರಿನಲ್ಲಿ ಎರಡನೇ ದಿನ ಕಂಡಾಗ ಅವರೇ ಕರೆದು ಮಾತಾಡಿಸುತ್ತಾರೆ.

ಬಂಡೆಯಂಚಿನ ಅಪಾಯ ಮಳೆಗಿಂತ ಗಾಳಿಯದ್ದು. ಬ್ಯಾಗಿನ ಮಳೆಹೊದಿಕೆ ಗಾಳಿ ತುಂಬಿಕೊಂಡು ಹಾಯಿಯಂತೆ ನಿಮ್ಮನ್ನು ತಳ್ಳುತ್ತದೆ. ಜೋರು ಗಾಳಿಯಲ್ಲಿ ಅದನ್ನು ತೆಗೆದು, ಒಳಗಿನ ಸಾಮಾನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಜರೀಗಿಡ ಸೊಂಟದೆತ್ತರ ಬೆಳೆದು ಅಂಚನ್ನು ಮುಚ್ಚುತ್ತದೆ, ಕೆಳಗೆ ಬಂಡೆ ಕೊರೆದುಹೋಗಿರಬಹುದು, ದಾರಿ ಬಿಟ್ಟು ಕಡಲ ಕಡೆಗೆ ಹೆಜ್ಜೆ ಹಾಕಬಾರದು. ಆಗಸ್ಟ್ ಕೊನೆಯಿಂದ ಶರತ್ಕಾಲದುದ್ದಕ್ಕೂ ಕೊಲ್ಲಿಗಳಲ್ಲಿ ಬೂದು ಸೀಲ್‌ಗಳು ಮರಿ ಹಾಕುತ್ತವೆ. ಮೇಲಿನಿಂದಲೇ, ಸದ್ದಿಲ್ಲದೆ ನೋಡಿ. ಕೆಳಗಿಳಿದರೆ ತಾಯಿ ಮರಿಯನ್ನು ಬಿಟ್ಟುಹೋಗಬಹುದು.

ಫೋನ್ ಸಿಗ್ನಲ್ ಕೊಲ್ಲಿಗಳಲ್ಲಿ ಕೈಕೊಡುತ್ತದೆ. ಆರ್ಡ್‌ನೆನ್ಸ್ ಸರ್ವೆ ಎಂಬ ಬ್ರಿಟನ್ನಿನ ನಕ್ಷೆ ಸಂಸ್ಥೆಯ ಓಎಲ್35 ಮತ್ತು ಓಎಲ್36 ನಕ್ಷೆ ಹಾಳೆಗಳು ಇಡೀ ದಾರಿಯನ್ನು 1:25,000 ಅಳತೆಯಲ್ಲಿ ತೋರಿಸುತ್ತವೆ. ಯಾರಾದರೂ ಬಿದ್ದದ್ದು ಕಂಡರೆ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಹೇಳಿ, ಜಾಗವನ್ನು ಗುರುತಿಸುವ ಗ್ರಿಡ್ ಸಂಖ್ಯೆಯನ್ನು ಹಾಳೆ ನೋಡಿ ಕೊಡಿ.